ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಲಿ ಮಾಸ್ತರಿಗೆ ಡೆಂಗಿ ಎಷ್ಟು ಗೊತ್ತಿರಬೇಕು?

ಮಳಿ ಚಾಲೂ ಆದಾಗಿಂದ ಈ ಅಂಕಣಕ್ಕ ಬರೋ ಪತ್ರ, ವಾಟ್ಸಾಪ್ ಮೆಸೇಜ್ ಎಲ್ಲದರಾಗೂ ಡೆಂಗಿದ್ದೇ ಮಾತು. ಬರದವರೊಳಗ ಬಾಳ ಮಂದಿ ಸಾಲಿ ಮಾಸ್ತರು, ಅಕ್ಕೋರು. ಅದಕ್ಕ ಈ ಸಲ ಪೂರ್ತಿ ಅಂಕಣ ಅವರಿಗೇ ಇಟ್ಟೀವಿ. ಹೆಸರು ಹಾಕಬ್ಯಾಡ್ರಿ ಅಂತ ಕೇಳಿದವರು ಇರೋದಕ್ಕ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಾನು ಗೋಕಾಕ ತಾಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಸಾಲ್ಯಾಗ ಶಿಕ್ಷಕಿ. ಹೋದ ತಿಂಗಳ ನರ್ಸಿಂಗ್ ಓದೋ ಹುಡುಗ್ಯಾರು ಒಂದು ಫಾರ್ಮ್ ತಗೊಂಡು ಬಂದು ನಮಗೆಲ್ಲಾ ಡೆಂಗಿ ಬಗ್ಗೆ ಪ್ರಶ್ನೆ ಕೇಳಿದ್ರು, ಯಾವ ಸೊಳ್ಳಿಯಿಂದ ಬರ್ತೈತಿ, ಅದು ಎಷ್ಟೊತ್ತಿಗೆ ಕಡಿತೈತಿ, ಎಂಥಾ ನೀರಾಗ ಬೆಳಿತೈತಿ ಅಂತ. ನಮ್ಮ ಸ್ಟಾಫಿನ್ಯಾಗ ಹೆಚ್ಚಿನವರು ಗಟಾರ ನೀರು, ರಾತ್ರಿ ಹೊತ್ತು ಅಂತ ಬರದ್ರು. ಅದು ತಪ್ಪು ಅಂದಾಗ ಒಬ್ಬ ಸರ್ ಸಿಟ್ಟಾಗಿ, ಬಿಸಿಯೂಟ ನಾವು, ಎಲೆಕ್ಷನ್ ಡ್ಯೂಟಿ ನಾವು, ಗಣತಿ ನಾವು, ಈಗ ಡಾಕ್ಟರ್ ಕೆಲಸಾನೂ ನಾವೇ ಮಾಡೋದೇನ್ರಿ ಅಂದ್ರು. ಖರೇನ ನಮಗ ಇದೆಲ್ಲಾ ಗೊತ್ತಿರಬೇಕಾ?

ಉತ್ತರ: ಆ ಸರ್ ಸಿಟ್ಟಿನ್ಯಾಗ ನ್ಯಾಯ ಐತ್ರಿ. ಮಾಸ್ತರ ಮ್ಯಾಲ ಹೊರಿಸಿದ ಹೊರಿ ಈಗಾಗ್ಲೇ ಹೆಚ್ಚಾಗೈತಿ, ಅದನ್ನ ಮೊದಲ ಒಪ್ಪಿಕೊಂಡೇ ಮುಂದ ಮಾತಾಡಬೇಕು. ಆದ್ರೂ ನನ್ನ ಉತ್ತರ ಹೌದು, ಗೊತ್ತಿರಬೇಕು ಅಂತನ. ಯಾಕಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಡೆಂಗಿ ಹರಡೋದು ಈಡಿಸ್ ಈಜಿಪ್ಟಿ ಅನ್ನೋ ಸೊಳ್ಳಿ, ಮೈ ಕಾಲು ಮ್ಯಾಲ ಬಿಳಿ ಪಟ್ಟಿ ಇರೋದು. ಇದು ಹಗಲ ಹೊತ್ತು ಕಡಿಯೋ ಸೊಳ್ಳಿ. ಹೊತ್ತು ಹುಟ್ಟಿದ ಮ್ಯಾಲ ಒಂದೆರಡು ತಾಸು, ಆಮ್ಯಾಲ ಮಧ್ಯಾಹ್ನ ಇಳಿದ ಮ್ಯಾಲಿಂದ ಹೊತ್ತು ಮುಳುಗೋ ತನಕ ಇದರ ಕಾಟ ಜಾಸ್ತಿ, ಮಬ್ಬು ಖೋಲಿ ಇದ್ರ ನಡು ಮಧ್ಯಾಹ್ನಾನೂ ಕಡಿತೈತಿ. ಈಗ ವಿಚಾರ ಮಾಡ್ರಿ, ಆ ಹೊತ್ತಿನ್ಯಾಗ ನಮ್ಮ ಹುಡುಗುರು ಎಲ್ಲಿರ್ತಾರ? ಪ್ರಾರ್ಥನಾಕ್ಕ ನಿಂತಿರ್ತಾರ, ಕ್ಲಾಸಿನ್ಯಾಗ ಕುಂತಿರ್ತಾರ, ಸಂಜಿಮುಂದ ಆಟದ ಪೀರಿಯಡ್‌ನ್ಯಾಗ ಇರ್ತಾರ. ಮನ್ಯಾಗ ರಾತ್ರಿ ಸೊಳ್ಳಿ ಪರದಾ ಕಟ್ಟಿ ಮಲಗಿಸಿದ ಕೂಸಿಗೆ ಹಗಲಿ ಸಾಲ್ಯಾಗ ಯಾವ ಪರದಾನೂ ಇರೂದಿಲ್ಲ. ಈ ಸೊಳ್ಳಿ ಡೆಸ್ಕಿನ ಕೆಳಗ, ಗ್ವಾಡಿಗೆ ತೂಗುಹಾಕಿದ ಬ್ಯಾಗಿನ ಹಿಂದ, ಹಳೇ ಸಾಮಾನು ಒಟ್ಟಿದ ಖೋಲ್ಯಾಗ ಕತ್ತಲ ನೋಡ್ಕೊಂಡು ಕುಂದರ್ತೈತಿ, ಕಾಲಿಗೆ ಜಾಸ್ತಿ ಕಡಿತೈತಿ, ನಮ್ಮ ಯೂನಿಫಾರ್ಮೋ ಚಡ್ಡಿ, ಸ್ಕರ್ಟು, ಮೊಣಕಾಲ ಕೆಳಗ ಎಲ್ಲಾ ಬರಿಗಾಲು.

ಇನ್ನೊಂದು ಮಾತು. ಈಡಿಸ್ ದೂರ ಹಾರೋ ಸೊಳ್ಳಿ ಅಲ್ರಿ, ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ನೂರಿನ್ನೂರು ಮೀಟರ್, ಭಾಳ ಆದ್ರ ನಾಕ್ನೂರು ಮೀಟರ್ ದೂರದೊಳಗ ಅದರ ಬದುಕು ಮುಗಿತೈತಿ. ಅಂದ್ರ ಸಾಲ್ಯಾಗ ಹುಡುಗಗ ಕಡಿದ ಸೊಳ್ಳಿ ಹುಟ್ಟಿದ್ದು ಸಾಲ್ಯಾಗ ಇಲ್ಲಾ ಸಾಲಿ ಮಗ್ಗಲಿನ ನಾಕ ಮನ್ಯಾಗ. ಊರಿನ ದೊಡ್ಡ ಗಟಾರ ಪಂಚಾಯ್ತಿಯವರು ಬಳಿಸಿಲ್ಲ ಅಂತ ಬೈಕೋತ ಕುಂತ್ರ ಡೆಂಗಿ ಕಮ್ಮಿ ಆಗೂದಿಲ್ಲ, ಯಾಕಂದ್ರ ಇದು ಗಟಾರದ ಸೊಳ್ಳಿ ಅಲ್ಲ. ನಾವು ಶೇಖರಿಸಿ ಇಟ್ಟ ಚೊಕ್ಕ ನೀರು ಇದಕ್ಕ ಬೇಕು, ಬ್ಯಾರಲ್ಲು, ಸಿಂಟೆಕ್ಸು, ಹರವಿ, ದನಕ್ಕ ಇಟ್ಟ ಕಲ್ಲಿನ ಬಾನಿ, ಒಗದ ಟಯರು, ಕೂಲರು, ತೆಂಗಿನ ಚಿಪ್ಪು, ಎಲ್ಲಿ ನೀರು ನಿಂತಿರ್ತೈತೋ ಅಲ್ಲಿ.

ಈಗ ನಿಮ್ಮ ಸ್ಟಾಫಿನವರ ಉತ್ತರಕ್ಕ ಬರ್ತೀನಿ. ಗಟಾರ, ರಾತ್ರಿ ಅಂತ ಬರದವರನ್ನ ದಡ್ಡರು ಅನಬಾರದ್ರಿ, ನನಗಂತೂ ಹಂಗ ಅನಸೂದಿಲ್ಲ. ಅವರು ಬರದದ್ದು ಬ್ಯಾರೆ ರೋಗಕ್ಕ ಸರಿಯಾದ ಉತ್ತರ. ನಮ್ಮ ವಿಜಯಪುರ, ಬಾಗಲಕೋಟಿ ಜಿಲ್ಲಾದಾಗ ಆನೆಕಾಲು ರೋಗ ಹಿಂದಿನಿಂದ ಇದ್ದದ್ದು, ಅದನ್ನ ಹರಡೋ ಕ್ಯೂಲೆಕ್ಸ್ ಸೊಳ್ಳಿ ಹೊಲಸು ನೀರಾಗ ಹುಟ್ಟತೈತಿ, ರಾತ್ರಿ ಕಡಿತೈತಿ, ಆ ರೋಗದ ಸಣ್ಣ ಹುಳ ರಾತ್ರಿ ಹೊತ್ತಿಗೇ ರಕ್ತದಾಗ ಮ್ಯಾಲ ಬರೋದಕ್ಕ ಆರೋಗ್ಯ ಇಲಾಖೆಯವರು ರಾತ್ರಿ ಬಂದು ರಕ್ತ ತಗೊಂಡು ಹೋಗೋದನ್ನ ನಮ್ಮ ಹಿರಿಯರು ನೋಡ್ಯಾರ. ಮಲೇರಿಯಾದ ಅನಾಫಿಲಿಸ್ ಸೊಳ್ಳಿನೂ ರಾತ್ರಿದೇ. ಮನ್ಯಾಗ ಕೇಳಿದ್ದು, ಸಾಲ್ಯಾಗ ಓದಿದ್ದು, ಗ್ವಾಡಿ ಮ್ಯಾಲ ಬರದದ್ದು ಎಲ್ಲಾ ಸೇರಿ ಸೊಳ್ಳಿ ಅಂದ್ರ ಗಟಾರ, ಸೊಳ್ಳಿ ಅಂದ್ರ ರಾತ್ರಿ ಅಂತ ತಲ್ಯಾಗ ಕುಂತೈತಿ. ಮೂರು ಸೊಳ್ಳಿ, ಮೂರು ಥರದ ನೀರು, ಬ್ಯಾರೆ ಬ್ಯಾರೆ ಹೊತ್ತು ಅಂತ ಮಾಸ್ತರಿಗೆ ಯಾರೂ ಬಿಡಿಸಿ ಹೇಳಿಲ್ಲ. ತಪ್ಪು ಮಾಸ್ತರದ್ದಲ್ಲ, ಬಿಡಿಸಿ ಹೇಳದೇ ಇದ್ದವರದು. ಇಂಥಾ ಸಮೀಕ್ಷೆ ಎಲ್ಲೇ ಆದ್ರೂ ಸಾಮಾನ್ಯವಾಗಿ ಕಾಣೋದೂ ಇದನ್ನ, ಡೆಂಗಿ ಸೊಳ್ಳಿಯಿಂದ ಬರ್ತೈತಿ ಅಂತ ಬಾಳ ಮಂದಿಗೆ ಗೊತ್ತಿರ್ತೈತಿ, ಅದು ಹಗಲಿ ಕಡಿತೈತಿ ಅಂತ ಗೊತ್ತಿದ್ದವರು ಅವರಿಗಿಂತ ಕಮ್ಮಿ.

ಫಾರ್ಮ್ ತುಂಬಿಸ್ಕೊಂಡು ಹೋದ ಹುಡುಗ್ಯಾರಿಗೆ ಒಂದು ಮಾತು ಹೇಳಬೇಕು ನೀವು. ಪ್ರಶ್ನೆ ಕೇಳಿ ಮಾರ್ಕ್ಸ್ ಹಾಕ್ಕೊಂಡು ಹೋದ್ರ ಸಾಲದು, ಅವತ್ತೇ ಅರ್ಧ ತಾಸು ಕುಂತು ಸರಿ ಉತ್ತರ ಯಾವುದು ಅಂತ ತಿಳಿಸಿ ಹೋಗ್ರಿ ಅಂತ. ಮತ್ತ ನಿಮ್ಮ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಹೇಳಿ ಕ್ಲಸ್ಟರ್ ಮೀಟಿಂಗಿಗೆ ಒಂದ್ಸಲ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಹೆಲ್ತ್ ಇನ್ಸ್‌ಪೆಕ್ಟರನ್ನ ಕರಸ್ರಿ, ಲಾರ್ವಾ (ಸೊಳ್ಳಿ ಮರಿಹುಳ) ಇರೋ ಬಾಟ್ಲಿ ಹಿಡ್ಕೊಂಡೇ ಬರ್ರಿ ಅನ್ರಿ, ಕಣ್ಣಿಲೆ ನೋಡಿದ್ದು ಮರಿಯೂದಿಲ್ಲ.

ಪ್ರಶ್ನೆ: ಬಾಗಲಕೋಟಿ ನವನಗರದ ಸಾಲಿ ನಮ್ಮದು. ನೀರು ದಿನಾ ಬರಂಗಿಲ್ಲ, ಬಂದ ದಿನಾನ ಸಂಪು, ಟ್ಯಾಂಕು, ಅಡಗಿ ಖೋಲಿ ಬ್ಯಾರಲ್ ಎಲ್ಲಾ ತುಂಬಿಸಿ ಇಟ್ಕೋಬೇಕು. ನೀರು ಸಂಗ್ರಹಿಸಬ್ಯಾಡ್ರಿ ಅಂತ ಪೋಸ್ಟರ್ ಹಚ್ಚಿ ಹೋಗ್ತಾರ. ಸಂಗ್ರಹಿಸದೇ ಬಿಸಿಯೂಟ ಹೆಂಗ ಮಾಡೋದು?

ಉತ್ತರ: ಪೋಸ್ಟರ್ ಬರದವರಿಗೆ ನಲ್ಲ್ಯಾಗ ದಿನಾ ನೀರು ಬರ್ತಿರಬೇಕು. ನಮ್ಮ ಕಡೆ ನೀರು ಹಿಡದಿಡಬ್ಯಾಡ್ರಿ ಅನ್ನೋ ಮಾತು ನಡಿಯೂದಿಲ್ಲ, ಹಿಡದಿಟ್ಟ ನೀರನ್ನ ಸೊಳ್ಳಿಗೆ ಹೆಂಗ ಸಿಗದಂಗ ಮಾಡಬೇಕು ಅನ್ನೋದನ್ನೇ ಹೇಳಬೇಕು.

ಬಿಸಿ ವಾತಾವರಣದಾಗ ತತ್ತಿ ಒಡದು ಲಾರ್ವಾ ಆಗಿ, ಪ್ಯೂಪಾ (ಕೋಶ) ಆಗಿ, ರೆಕ್ಕಿ ಬಂದು ಸೊಳ್ಳಿ ಹಾರಲಿಕ್ಕೆ 7ರಿಂದ 10 ದಿನ ಸಾಕು. ಆ ಚಕ್ರ ಪೂರ್ತಿ ಆಗೋಕಿಂತ ಮೊದಲ ತುಂಡು ಮಾಡಬೇಕು, ಅದಕ್ಕ ವಾರಕ್ಕೊಮ್ಮೆ ಅನ್ನೋ ಲೆಕ್ಕ. ವಾರದಾಗ ಒಂದು ದಿನ ಗೊತ್ತುಮಾಡ್ಕೋರಿ, ನೀರು ಬರೋ ಹಿಂದಿನ ದಿನಾನೇ ಆದ್ರ ಚಲೋ, ಯಾಕಂದ್ರ ಅವತ್ತು ಬ್ಯಾರಲ್ ಹೆಂಗೂ ತಳಕ್ಕ ಬಂದಿರ್ತೈತಿ, ನೀರು ಹಾಳಾಗೂದಿಲ್ಲ.

ಇಲ್ಲೊಂದು ವಿಷಯ ಬಾಳ ಮಂದಿಗೆ ಗೊತ್ತಿಲ್ಲ. ಈಡಿಸ್ ನೀರಿನ ಮ್ಯಾಲ ತತ್ತಿ ಇಡೂದಿಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮ್ಯಾಲ ಪಾತ್ರಿ ಗ್ವಾಡಿಗೆ, ಹಸಿ ಇರೋ ಕಡೆ ಅಂಟಿಸಿ ಇಡ್ತೈತಿ. ಆ ತತ್ತಿ ಒಣಗಿದ್ರೂ ಸಾಯೂದಿಲ್ಲ, ತಿಂಗಳಗಟ್ಟಲೆ ಹಂಗ ಕುಂತಿರ್ತೈತಿ, ಮತ್ತ ನೀರು ಮುಟ್ಟಿದ ಕೂಡ್ಲೇ ಮರಿ ಆಗ್ತೈತಿ. ಹಿಂಗಾಗಿ ಬರೇ ನೀರು ಚೆಲ್ಲಿ ಮತ್ತ ತುಂಬಿಸಿದ್ರ ಸಾಲೂದಿಲ್ರಿ, ಒಳಗಿನ ಗ್ವಾಡಿ, ಅಂಚು, ಮುಚ್ಚಳದ ಕೆಳಗ ಎಲ್ಲಾ ತೆಂಗಿನ ನಾರಿನಿಂದನೋ ಬ್ರಷ್‌ನಿಂದನೋ ತಿಕ್ಕಿ ತೊಳದು, ಬಿಸಲಾಗ ಒಣಗಿಸಿ, ಆಮ್ಯಾಲ ತುಂಬ್ರಿ. ತಿಕ್ಕೋದೇ ಮುಖ್ಯ ಕೆಲಸ.

ಇದರಿಂದ ಇನ್ನೊಂದು ಲೆಕ್ಕ ಸಿಗತೈತಿ ನೋಡ್ರಿ. ಏಪ್ರಿಲ್ ಮೇ ಸೂಟಿಯೊಳಗ ಸಾಲಿ ಬಂದ್ ಇರ್ತೈತಿ, ಬ್ಯಾರಲ್, ಬಕೀಟು, ಹೂವಿನ ಕುಂಡಿ, ಮುರಕ ಬೆಂಚು, ಹಿತ್ತಲದಾಗಿನ ಪ್ಲಾಸ್ಟಿಕ್ ಎಲ್ಲಾ ಒಣಗಿ ಬಿದ್ದಿರ್ತಾವು, ಅದರಾಗ ಹಳೇ ತತ್ತಿ ಇರಬಹುದು. ಮೇ ಕಡೀಕ ಸಾಲಿ ತೆರಿತಾರ, ಅದೇ ಹೊತ್ತಿಗೆ ಮೊದಲ ಮಳಿ ಬೀಳ್ತೈತಿ. ದಸರಾ ಸೂಟಿ ಮುಗಿದಾಗೂ ಹಂಗ. ಸಾಲಿ ಶುರು ಆಗೋ ಮೊದಲು ತಳಿರು ತೋರಣ ಕಟ್ಟಿ ಹುಡುಗುರನ್ನ ಸ್ವಾಗತ ಮಾಡ್ತೀವಲ್ಲ, ಆ ತಯಾರಿಯೊಳಗ ಟ್ಯಾಂಕ್ ತಿಕ್ಕೋದು, ಛತ್ತಿನ ಮ್ಯಾಲ ಹತ್ತಿ ನೀರು ನಿಂತದೇನು ನೋಡೋದು ಸೇರಿಸಬೇಕು. ಛತ್ತು ಯಾರೂ ನೋಡೂದಿಲ್ಲ.

ಖಾಲಿ ಮಾಡಲಿಕ್ಕೆ ಆಗದ ದೊಡ್ಡ ಸಂಪಿಗೆ ಗಟ್ಟಿ ಮುಚ್ಚಳ ಇರಲಿ, ಓವರ್‌ಫ್ಲೋ ಪೈಪು, ಗಾಳಿ ಪೈಪಿನ ಬಾಯಿಗೆ ತೆಳು ಜಾಳಿಗಿ ಇಲ್ಲಾ ಹಳೇ ಧೋತರದ ಅರಬಿ ಕಟ್ರಿ. ಬ್ಯಾರಲ್ಲಿಗೂ ಅರಬಿ ಬಿಗಿಯಾಗಿ ಕಟ್ಟಿದ್ರ ಸಾಕು, ಅರ್ಧ ಮುಚ್ಚಿದ ತಾಟು ಮುಚ್ಚಿದಂಗ ಅಲ್ಲ. ಆರೋಗ್ಯ ಇಲಾಖೆಯವರು ಟೆಮೆಫಾಸ್ ಅನ್ನೋ ಲಾರ್ವಾ ಕೊಲ್ಲೋ ಔಷಧ ಹಾಕ್ತಾರ, ಅದನ್ನ ಅವರೇ ಅಳತಿ ಪ್ರಕಾರ ಹಾಕ್ಬೇಕು, ನೀವು ಅಂದಾಜಿಗೆ ಹಾಕಬ್ಯಾಡ್ರಿ. ಬಾವಿ, ದೊಡ್ಡ ಹೊಂಡ ಇದ್ರ ಲಾರ್ವಾ ತಿನ್ನೋ ಗಪ್ಪಿ, ಗಂಬೂಸಿಯಾ ಮೀನು ಪಿಎಚ್‌ಸಿಯೊಳಗ ವಿಚಾರಸ್ರಿ.

ಪ್ರಶ್ನೆ: ವಿಜಯಪುರದಿಂದ ಬರೀಲಿಕತ್ತೀನಿ. ನನ್ನ ಮಗಳು ಆರನೇತ್ತಾ. ನಾಕು ದಿನ ಜೋರು ಜ್ವರ ಇತ್ತು, ಐದನೇ ದಿನ ಜ್ವರ ಇಳೀತು. ಸಾಲ್ಯಾಗಿಂದ ಫೋನ್ ಮಾಡಿ ಟೆಸ್ಟ್ ಅದ, ಜ್ವರ ಇಲ್ಲಂದ್ರ ಕಳಸ್ರಿ ಅಂದ್ರು. ಕಳಿಸಿದ ದಿನಾನ ಮಧ್ಯಾಹ್ನ ಹೊಟ್ಟಿ ನೋವು, ವಾಂತಿ, ಮೈ ಎಲ್ಲಾ ತಣ್ಣಗ. ದವಾಖಾನ್ಯಾಗ ಇಟ್ಟು ಸಲಾಯಿನ್ ಹಚ್ಚಿ ಆರಾಮ ಆದ್ಲು. ಜ್ವರ ಬಿಟ್ಟ ಮ್ಯಾಲ ಹಿಂಗ್ಯಾಕ ಆಯ್ತು? ಪಪ್ಪಾಯಿ ಎಲಿ ರಸ ಕುಡಿಸಿದ್ರ ಹಿಂಗ ಆಗ್ತಿರಲಿಲ್ಲ ಅಂತಾರ, ಖರೇ ಏನು?

ಉತ್ತರ: ಮಗಳು ಆರಾಮಾದ್ಲಲ್ಲ, ಓದಿ ಜೀವ ಸಮಾಧಾನ ಆತು. ಈ ಪ್ರಶ್ನೆಯನ್ನ ಎಲ್ಲಾ ಮಾಸ್ತರೂ ಎರಡ ಸಲ ಓದಬೇಕು ಅಂತ ಕೇಳ್ಕೋತೀನಿ.

ಡೆಂಗಿಯೊಳಗ ಅಪಾಯದ ಹೊತ್ತು ಜ್ವರ ಏರಿದಾಗ ಅಲ್ರಿ, ಜ್ವರ ಇಳಿಯೋವಾಗ. ಸಾಮಾನ್ಯವಾಗಿ ಜ್ವರ ಶುರು ಆಗಿ 3ರಿಂದ 7ನೇ ದಿನದೊಳಗ ಅದು ಬರ್ತೈತಿ, ಜ್ವರ ಇಳಿದ ಮುಂದಿನ ಒಂದೆರಡು ದಿನ ಬಾಳ ಎಚ್ಚರ ಇರಬೇಕು. ಆವಾಗ ರಕ್ತನಾಳದಿಂದ ನೀರಿನಂಶ ಹೊರಗ ಸೋರಲಿಕ್ಕೆ ಹತ್ತತೈತಿ, ಬಿಪಿ ಇಳಿತೈತಿ, ಕೈಕಾಲು ತಣ್ಣಗ ಆಗ್ತಾವು. ಜೋರು ಹೊಟ್ಟಿ ನೋವು, ಮ್ಯಾಲಿಂದ ಮ್ಯಾಲ ವಾಂತಿ, ಒಸಡಿನ್ಯಾಗ ಇಲ್ಲಾ ಮೂಗಿನ್ಯಾಗ ರಕ್ತ, ಕರಿ ಸಂಡಾಸು, ಉಸಿರು ಜೋರು, ವಿಪರೀತ ಸುಸ್ತು ಇಲ್ಲಾ ಚಡಪಡಿಕಿ, ಮೂತ್ರ ಕಮ್ಮಿ ಆಗೋದು, ಇವುಗಳಾಗ ಒಂದು ಕಂಡ್ರೂ ತಡಾ ಮಾಡದೇ ದವಾಖಾನಿಗೆ ಒಯ್ಯಬೇಕು. ಕ್ಲಾಸಿನ್ಯಾಗ ಡೆಸ್ಕಿನ ಮ್ಯಾಲ ತಲಿ ಇಟ್ಟು ಮಲಗಿದ ಹುಡುಗನ್ನ ನಿದ್ದಿ ಮಾಡ್ತಿ ಏನು ಅಂತ ಎಬ್ಬಿಸೋಕಿಂತ ಮೊದಲು, ಹೋದ ವಾರ ಜ್ವರ ಇತ್ತೇನು ಅಂತ ಒಂದು ಮಾತು ಕೇಳ್ರಿ. ಹಾಜರಿ ಪುಸ್ತಕ ಮಾಸ್ತರ ಕೈಯಾಗ ಇರ್ತೈತಿ, ಒಂದ ಓಣಿಯ ಮೂರು ನಾಕು ಹುಡುಗುರು ಒಂದ ವಾರದಾಗ ಜ್ವರ ಅಂತ ಗೈರಾದ್ರ ಅದು ಪಿಎಚ್‌ಸಿಗಿಂತ ಮೊದಲ ಮಾಸ್ತರಿಗೆ ಗೊತ್ತಾಗ್ತೈತಿ, ಅವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ಹಚ್ಚಿದ್ರ ಎಷ್ಟೋ ಮನಿ ಉಳಿತಾವು.

ಟೆಸ್ಟ್ ಮತ್ತೊಮ್ಮೆ ಇಡಬಹುದು. ಜ್ವರ ಇಳಿದು ಕನಿಷ್ಠ ಎರಡು ದಿನ ಪೂರ್ತಿ ಆರಾಮಾಗಿ, ಉಂಡು ಆಡೋ ತನಕ ಹುಡುಗುರನ್ನ ಕರೀಬ್ಯಾಡ್ರಿ, ಇದು ನನ್ನ ಕಳಕಳಿಯ ಮಾತು.

ಪಪ್ಪಾಯಿ ಎಲಿ ರಸದ ಬಗ್ಗೆ: ಅದು ಡೆಂಗಿಗೆ ಔಷಧ ಅಂತ ಗಟ್ಟಿ ಪುರಾವೆ ಇಲ್ಲ, ಅದನ್ನ ನಂಬಿ ದವಾಖಾನಿಗೆ ಹೋಗೋದು ತಡಾ ಮಾಡಿದ್ರ ಅದೇ ದೊಡ್ಡ ಅಪಾಯ, ಕಹಿ ರಸಕ್ಕ ವಾಂತಿ ಹೆಚ್ಚಾದ್ರ ಇನ್ನೂ ಕಷ್ಟ. ಡೆಂಗಿ ವೈರಸ್ ಕೊಲ್ಲೋ ಗುಳಿಗಿ ಇಲ್ಲ. ನೀರು, ಓಆರ್‌ಎಸ್, ಎಳನೀರು, ಮಜ್ಜಿಗಿ, ಗಂಜಿ ಹಿಂಗ ದ್ರವ ಪದಾರ್ಥ ಕೊಡೋದು, ಜ್ವರಕ್ಕ ಪ್ಯಾರಾಸಿಟಮಾಲ್ ಅಷ್ಟೇ. ಮೆಡಿಕಲ್ ಶಾಪಿನಿಂದ ಮೈ ಕೈ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತಂದು ಕೊಡಬ್ಯಾಡ್ರಿ, ಅವು ರಕ್ತಸ್ರಾವ ಹೆಚ್ಚು ಮಾಡಬಹುದು. ಪ್ಲೇಟ್‌ಲೆಟ್ ನಂಬರ್ ಒಂದನ್ನೇ ನೋಡ್ಕೋತ ಅಂಜೋದೂ ಬ್ಯಾಡ, ಡಾಕ್ಟರು ಹೆಮಟೊಕ್ರಿಟ್ (ರಕ್ತದಾಗ ಕೆಂಪು ಕಣದ ಪಾಲು), ಬಿಪಿ, ಮೂತ್ರ ಎಲ್ಲಾ ಸೇರಿಸಿ ನೋಡ್ತಾರ. ಜ್ವರದ ಮೊದಲ ಐದು ದಿನದಾಗ ಎನ್‌ಎಸ್1, ಆಮ್ಯಾಲ ಐಜಿಎಂ ಎಲೈಸಾ ಟೆಸ್ಟು, ಸರ್ಕಾರಿ ವ್ಯವಸ್ಥಾದಾಗ ಇದಕ್ಕ ರೊಕ್ಕ ಇಲ್ಲ.

ಡೆಂಗಿ ವೈರಸ್ ನಾಕು ಥರ ಐತಿ. ಒಮ್ಮೆ ಬಂದು ಹೋದ ಥರ ಮತ್ತ ಬರೂದಿಲ್ಲ, ಆದ್ರ ಬ್ಯಾರೆ ಥರದ್ದು ಬರಬಹುದು, ಎರಡನೇ ಸಲ ಬಂದಾಗ ತೀವ್ರ ಆಗೋ ಸಂಭವ ಜಾಸ್ತಿ. ಮಗಳಿಗೆ ಒಮ್ಮೆ ಬಂತು, ಇನ್ನ ಚಿಂತಿ ಇಲ್ಲ ಅಂತ ಬಿಡಬ್ಯಾಡ್ರಿ.

ಪ್ರಶ್ನೆ: ಡೆಂಗಿ ಬಂದ ಹುಡುಗನ ಬಾಜೂಕ ಕುಂತ್ರ ಬರ್ತೈತೇನು? ನಮ್ಮ ಸಾಲ್ಯಾಗ ಪಾಲಕರು ಬೆಂಚ್ ಬದಲಿ ಮಾಡ್ರಿ ಅಂತಾರ. (ಅಥಣಿ)

ಉತ್ತರ: ಇಲ್ರಿ. ಕುಂತ್ರ, ಮುಟ್ಟಿದ್ರ, ಒಂದ ಡಬ್ಬಿಯೊಳಗ ಉಂಡ್ರ, ಕೆಮ್ಮಿದ್ರ ಬರಂಗಿಲ್ಲ. ಸೊಳ್ಳಿ ನಡುವ ಇರಲೇಬೇಕು. ಆದ್ರ ಜ್ವರ ಇದ್ದ ಹುಡುಗನ್ನ ಕಡಿದ ಸೊಳ್ಳಿ 8ರಿಂದ 12 ದಿನ ಆದ ಮ್ಯಾಲ ಬ್ಯಾರೆಯವರಿಗೆ ರೋಗ ದಾಟಿಸ್ತೈತಿ, ತಾನು ಸಾಯೋ ತನಕ ದಾಟಿಸ್ತಾನೇ ಇರ್ತೈತಿ. ಹಿಂಗಾಗಿ ಜ್ವರದಾಗ ಮಲಗಿದ ಮಗೂಗ ಹಗಲ ಹೊತ್ತೂ ಪರದಾ ಕಟ್ರಿ. ಆ ಹುಡುಗನ್ನ ಕ್ಲಾಸಿನ್ಯಾಗ ಬ್ಯಾರೆ ಕುಂಡ್ರಿಸಿ ಮನಸ ನೋಯಸಬ್ಯಾಡ್ರಿ.

ಪ್ರಶ್ನೆ: ಊರಾಗ ಧೂಮೀಕರಣ ಮಾಡ್ಸಿದ್ವಿ, ಇನ್ನೂ ಸೊಳ್ಳಿ ಅದಾವು. (ಇಂಡಿ)

ಉತ್ತರ: ಹೊಗಿ ಹಾರ್ಯಾಡೋ ಸೊಳ್ಳಿಗೆ ಅಷ್ಟ ತಟ್ಟತೈತಿ. ನೀರಾಗಿನ ಮರಿಗೆ, ಗ್ವಾಡಿಗೆ ಅಂಟಿದ ತತ್ತಿಗೆ ಏನೂ ಆಗಂಗಿಲ್ಲ, ನಾಕ ದಿನಕ್ಕ ಹೊಸಾವು ಹಾರ್ತಾವು. ರೋಗ ಜೋರಾದಾಗ ತಾತ್ಪೂರ್ತಿ ಉಪಯೋಗ ಐತಿ, ಬ್ಯಾರಲ್ ತಿಕ್ಕೋ ಕೆಲಸಕ್ಕ ಅದು ಬದಲಿ ಅಲ್ಲ.

ಪ್ರಶ್ನೆ: ಇಳಕಲ್ಲಿನ ನೇಕಾರ ಮನಿ ನಮ್ಮದು. ಹಿಂದ ಚಿಕೂನ್‌ಗುನ್ಯಾ ಬಂದಾಗ ಮಗ್ಗದ ಮ್ಯಾಲ ಕುಂದರಲಿಕ್ಕೆ ತಿಂಗಳಾನುಗಟ್ಟಲೆ ಆಗಿರಲಿಲ್ಲ. ಆವಾಗ ಕೋಳಿ ತಿಂದ್ರ ಬರ್ತೈತಿ ಅಂತಿದ್ರು. ಅದೂ ಇದೂ ಒಂದೇ ಏನು?

ಉತ್ತರ: ರೋಗ ಬ್ಯಾರೆ, ಸೊಳ್ಳಿ ಒಂದ. ಅದೂ ಈಡಿಸ್‌ನಿಂದನ ಬರೋದು, ಕೋಳಿಗೂ ಅದಕ್ಕೂ ಸಂಬಂಧ ಇಲ್ಲ. 2006ರಾಗ ಕರ್ನಾಟಕದಾಗ ಏಳು ಲಕ್ಷಕ್ಕ ಮ್ಯಾಲ ಶಂಕಿತ ಪ್ರಕರಣ ಆಗಿದ್ವು, ನಮ್ಮ ಉತ್ತರ ಕರ್ನಾಟಕದ ಊರೂರು ಮಲಗಿಬಿಟ್ಟಿದ್ವು, ಕೂಲಿಯವರು, ನೇಕಾರರು ದುಡಿಮಿ ಇಲ್ಲದೇ ಕಷ್ಟಪಟ್ಟದ್ದು ಆ ಕಾಲದವರಿಗೆ ಇನ್ನೂ ನೆನಪೈತಿ. ಚಿಕೂನ್‌ಗುನ್ಯಾದಾಗ ಕೀಲು ನೋವು ಬಾಳ ದಿನ ಕಾಡ್ತೈತಿ, ಡೆಂಗಿಯಷ್ಟು ಜೀವಕ್ಕ ಅಪಾಯ ಇಲ್ಲ. ನೋವಿನ ಗುಳಿಗಿ ತಗೊಳ್ಳೋ ಮೊದಲು ಡೆಂಗಿ ಅಲ್ಲ ಅಂತ ಟೆಸ್ಟ್ ಮಾಡಿಸಿ ಖಾತ್ರಿ ಮಾಡ್ಕೋರಿ. ನಿಮ್ಮ ಊರಿನ ಸಾಲಿಗೆ ಹೋಗಿ ನಿಮ್ಮ ಅನುಭವ ಹುಡುಗುರಿಗೆ ಹೇಳ್ರಿ, ಮಾಸ್ತರು ಖಂಡಿತ ಕುರ್ಚಿ ಹಾಕಿ ಕೂಡಸ್ತಾರ.

ಪ್ರಶ್ನೆ: ನಾನು ಬಸವನಬಾಗೇವಾಡಿ ಕಡೆ ಪ್ರೌಢಸಾಲಿ ವಿಜ್ಞಾನ ಶಿಕ್ಷಕ. ಹುಡುಗುರಿಗೆ ಭಾಷಣ ಮಾಡಿ ಮಾಡಿ ಸಾಕಾಗ್ಯದ, ಪ್ರಬಂಧ ಸ್ಪರ್ಧೆ ಇಟ್ರ ಎಲ್ಲಾ ಒಂದ ಥರ ಬರಕೊಂಡು ಬರ್ತಾರ. ಬ್ಯಾರೆ ಏನ್ ಮಾಡಬಹುದು?

ಉತ್ತರ: ಸರ್, ನಿಮ್ಮಂಥವರ ಪತ್ರ ಬಂದ್ರ ಬಾಳ ಖುಷಿ ಆಗ್ತೈತಿ. ಲಾರ್ವಾ ಹುಡುಕಲಿಕ್ಕೆ ಕಳಸ್ರಿ. ಒಂದು ಟಾರ್ಚು, ಒಂದು ಬಿಳಿ ಬಟ್ಟಲು, ಇಷ್ಟ ಸಾಕು. ಹುಡುಗುರ ಗುಂಪು ಮಾಡಿ ಮೊದಲು ಸಾಲಿ ಆವರಣ, ಆಮ್ಯಾಲ ತಮ್ಮ ತಮ್ಮ ಮನಿ, ಎಷ್ಟು ಪಾತ್ರಿಯೊಳಗ ನೀರು ಇತ್ತು, ಅದರಾಗ ಎಷ್ಟರಾಗ ಮರಿಹುಳ ಇತ್ತು ಅಂತ ವಹಿಯೊಳಗ ಬರಕೊಳ್ಳಲಿ. ನೂರು ಮನಿ ನೋಡಿದ್ರ ಎಷ್ಟು ಮನ್ಯಾಗ ಸಿಕ್ತು ಅಂತ ಲೆಕ್ಕ ಹಾಕಿದ್ರ ಅದೇ ಹೌಸ್ ಇಂಡೆಕ್ಸ್, ಆರೋಗ್ಯ ಇಲಾಖೆಯವರು ಬಳಸೋ ಅಳತಿನ ಅದು, ಶೇಕಡಾ ಲೆಕ್ಕ ಕಲಿಸಿದಂಗೂ ಆಗ್ತೈತಿ. ಪ್ರತೀ ವಾರ ಆ ನಂಬರನ್ನ ಬೋರ್ಡಿನ ಮ್ಯಾಲ ಬರೀರಿ, ಇಳಿದ್ರ ಹುಡುಗುರಿಗೆ ತಾವು ಮಾಡಿದ ಕೆಲಸ ಕಾಣಿಸ್ತೈತಿ. ಯಾರ ಮನ್ಯಾಗ ಸಿಕ್ತು ಅಂತ ಮಾತ್ರ ಹೆಸರು ಹಿಡದು ಓದಬ್ಯಾಡ್ರಿ, ನೀರಿನ ಕಷ್ಟ ಇದ್ದ ಮನ್ಯಾಗನ ಬ್ಯಾರಲ್ ಜಾಸ್ತಿ ಇರ್ತಾವು, ಅವರು ನಾಚಿಕೊಂಡ್ರ ಮುಂದಿನ ವಾರ ಬಾಗಿಲ ತೆಗಿಯೂದಿಲ್ಲ.

ಸಿಕ್ಕ ಮರಿ ಒಂದು ಗಾಜಿನ ಬಾಟ್ಲಿಯೊಳಗ ಹಾಕಿ ಬಾಯಿಗೆ ಅರಬಿ ಬಿಗದು ಕ್ಲಾಸಿನ್ಯಾಗ ಇಡ್ರಿ. ಅನಾಫಿಲಿಸ್ ಮರಿ ನೀರಿಗೆ ಸಮಾಂತರ ಮಲಗಿರ್ತೈತಿ, ಈಡಿಸ್, ಕ್ಯೂಲೆಕ್ಸ್ ಮರಿ ಬಾಲದ ಕಡೆಯ ಉಸಿರಿನ ನಳಿಗಿ ಮ್ಯಾಲ ಮಾಡಿ ತಲಿ ಕೆಳಗ ಜೋತಾಡ್ತಾವು, ಈಡಿಸ್ ನಳಿಗಿ ಗಿಡ್ಡ ದಪ್ಪ, ಕ್ಯೂಲೆಕ್ಸ್‌ದು ಉದ್ದ ತೆಳು. ಹುಡುಗುರೇ ಗುರುತು ಹಿಡೀತಾರ. ಪ್ಯೂಪಾ ಆದ ಕೂಡ್ಲೇ ಪ್ರಯೋಗ ಮುಗಸ್ರಿ, ರೆಕ್ಕಿ ಬರೋ ತನಕ ಕಾಯಬ್ಯಾಡ್ರಿ, ಆ ನೀರನ್ನ ಒಣ ಮಣ್ಣಿಗೆ ಚೆಲ್ರಿ, ಮೋರಿಗೆ ಬ್ಯಾಡ, ಬಾಟ್ಲಿ ಒಳಗ ತಿಕ್ಕಿ ತೊಳೀರಿ.

ಮೇ 16 ರಾಷ್ಟ್ರೀಯ ಡೆಂಗಿ ದಿನ, ಆವಾಗ ಸಾಲಿ ಸೂಟಿ ಇರ್ತೈತಿ, ನಮಗ ಉಪಯೋಗ ಆಗೂದಿಲ್ಲ. ಆಗಸ್ಟ್ 20 ವಿಶ್ವ ಸೊಳ್ಳಿ ದಿನ, 1897ರಾಗ ಅವತ್ತು ರೊನಾಲ್ಡ್ ರಾಸ್ ಸಿಕಂದರಾಬಾದಿನ್ಯಾಗ ಸೊಳ್ಳಿ ಹೊಟ್ಟಿಯೊಳಗ ಮಲೇರಿಯಾ ಪರಾವಲಂಬಿ ಕಂಡುಹಿಡದ್ರು. ನಮ್ಮ ಮಳಿಗಾಲದ ನಡುವನ ಬರ್ತೈತಿ, ಪ್ರದರ್ಶನಕ್ಕ ಆ ದಿನ ಇಟ್ಕೋರಿ.

ಪ್ರಶ್ನೆ: ನಮ್ಮ ಸಾಲಿ ಕಾಂಪೌಂಡಿನ ಬಾಜೂಕ ಅರ್ಧ ಕಟ್ಟಿ ಬಿಟ್ಟ ಮನಿ ಐತಿ, ಅದರ ಟಾಕಿಯೊಳಗ ಸದಾ ನೀರು. ಮಾಲಕರು ಮಾತು ಕೇಳಂಗಿಲ್ಲ. ಏನ್ ಮಾಡೋದು? (ಬೆಳಗಾವಿ)

ಉತ್ತರ: 2024ರ ಸೆಪ್ಟೆಂಬರ್‌ದಾಗ ರಾಜ್ಯ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ ನಿಯಮ ಮಾಡೈತಿ. ಜಾಗದ ಮಾಲಕರು ಸೊಳ್ಳಿ ಹುಟ್ಟದಂಗ ನೋಡ್ಕೋಬೇಕು, ಇಲ್ಲಂದ್ರ ದಂಡ, ಕಟ್ಟಡ ಕಟ್ಟೋ ಜಾಗಕ್ಕ ಮನಿಗಿಂತ ಹೆಚ್ಚಿನ ದಂಡ. ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಲೆಟರ್‌ಹೆಡ್ಡಿನ ಮ್ಯಾಲ ಫೋಟೋ ಹಚ್ಚಿ ಪಾಲಿಕೆ ಆರೋಗ್ಯ ವಿಭಾಗಕ್ಕ ಅರ್ಜಿ ಕೊಡ್ರಿ, ಒಂದು ಪ್ರತಿ ಪಿಎಚ್‌ಸಿಗೆ. ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಫೈಲಿನ್ಯಾಗ ಇಟ್ಕೋರಿ. ಅರ್ಜಿ ಮ್ಯಾಲ ಕ್ರಮ ಆಗೋ ತನಕ ಆ ಕಡೆಯ ಕಿಡಕಿಗೆ ಜಾಳಿಗಿ ಹೊಡಸ್ರಿ, ಆ ಟಾಕಿಯೊಳಗ ಟೆಮೆಫಾಸ್ ಹಾಕ್ರಿ ಅಂತ ಹೆಲ್ತ್ ಇನ್ಸ್‌ಪೆಕ್ಟರಿಗೆ ಅವತ್ತೇ ಹೇಳ್ರಿ.